ಒಂದು ತೋಳಿನ ಸ್ವೆಟರ್

ನವೆಂಬರ್ 28, ಶುಕ್ರವಾರ. ಬೆಳಿಗ್ಗೆ

ಹಾಲು ಹಾಕಿ ಬಂದೆ. ಸೊಸೈಟಿಯಲ್ಲಿ ಇವತ್ತೂ ಕರೆಂಟಿಲ್ಲ. ಕೋದಂಡಪ್ಪ ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಹಾಲು ಅಳೆದ. ವಿಪರೀತ ಚಳಿ. ಬೈಕಿನ ಮೇಲೆ ಬೆರಳು ಮರಗಟ್ಟಿಹೋಗಿತ್ತು.

ಮನೆಗೆ ಬಂದರೆ ಅರ್ಚನ ಜಗುಲಿ ಬಿಸಿಲಿಗೆ ಕಾಲು ಚಾಚಿ ಹೆಣೆಯುತ್ತಾ ಕೂತಿದ್ದಾಳೆ. ಹಳದಿ ಉಲ್ಲನ್. ಮಗುವಿನ ಸ್ವೆಟರ್. ಬೆನ್ನು ಮುಗಿದಿದೆ, ಎದೆ ಮುಗಿದಿದೆ, ಒಂದು ತೋಳು ಮುಗಿದಿದೆ. ಇನ್ನೊಂದು ತೋಳು ಈಗಷ್ಟೇ ಕಡ್ಡಿಗೆ ಏರಿದೆ. ಹೆರಿಗೆ ಫೆಬ್ರವರಿಗೆ. ಅಷ್ಟರಲ್ಲಿ ಇಂಥ ಮೂರು ಸ್ವೆಟರ್ ಹಾಕಬಹುದು ಅಂತಾಳೆ.

ಅಮ್ಮನಿಗೆ ಇದು ಕಂಡರಾಗದು. ಸೆಗಣಿ ಬುಟ್ಟಿ ಇಳಿಸಿ ಶುರು ಮಾಡಿದಳು.

"ಉಟ್ಟದೇ ಇರೋ ಕೂಸಿಗೆ ಬಟ್ಟೆ ಮಾಡಬಾರ್ದು ಅಂತ ಎಷ್ಟು ಸತಿ ಏಳ್ಲಿ? ಒಳ್ಳೇದಲ್ಲ."

"ನಮ್ಮನೇಲಿ ಎಲ್ಲರಿಗೂ ಮೊದ್ಲೇ ಹಾಕಿಡ್ತಾರೆ ಅತ್ತೆ. ನಾವೆಲ್ಲಾ ಬದುಕಿಲ್ವಾ?"

"ನಿಮ್ಮ ಊರಿಗಾಂ ಗಣಿ ಲೈನ್ ಮನೇಲಿ ಏನಾರ ಮಾಡ್ಕಳಿ. ಇದು ನಮ್ಮೂರು."

ಅರ್ಚನ ನಕ್ಕು "ನಾಗೇಶಾ, ನಿಮ್ಮಮ್ಮಂಗೂ ಒಂದು ಟೋಪಿ ಹಾಕ್ಲಾ?" ಅಂದಳು. ಗಂಡನನ್ನು ಹೆಸರು ಹಿಡಿದು ಕೂಗುತ್ತಾಳೆ ಅಂತ ಅಮ್ಮನಿಗೆ ಇನ್ನೊಂದು ಉರಿ. ಮಾರಿಕುಪ್ಪಂ ಟ್ರೈನಿನಲ್ಲಿ ನಾನು ಅರ್ಚನಳನ್ನು ಮೊದಲ ಸಲ ನೋಡಿದಾಗಲೂ ಹೀಗೇ ಹೆಣೆಯುತ್ತಿದ್ದಳು. ಆ ಜನಜಂಗುಳಿಯಲ್ಲಿ ನಿಂತುಕೊಂಡೇ.

ಕಾಲು ಊದಿದೆ. ಚಪ್ಪಲಿ ಹಿಡಿಯುತ್ತಿಲ್ಲ. ತಲೆನೋವು ಅಂತಾಳೆ. ಸೋಮವಾರ ಚೆಕಪ್ ಇದೆ, ಆಗ ಕೇಳಬೇಕು.

ಡಿಸೆಂಬರ್ 3, ಬುಧವಾರ. ರಾಬರ್ಟ್‌ಸನ್‌ಪೇಟೆ, ಆಸ್ಪತ್ರೆ

ಏನು ಬರೆಯಲಿ. ಕೈ ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಚೆಕಪ್‌ಗೆ ಹೊರಡಲು ಸೀರೆ ಉಡುತ್ತಿದ್ದಳು. "ಕಣ್ಣು ಮಂಜಾಗ್ತಿದೆ" ಅಂದಳು. ಅಷ್ಟೇ. ಬಿದ್ದಳು. ಫಿಟ್ಸ್. ಅಮ್ಮ ಓಡಿಬಂದು ಅವಳ ಕೈಗೆ ಬೀಗದಕೈ ತುರುಕಿದಳು. ಹಲ್ಲು ಕಚ್ಚಿ ನಾಲಿಗೆಯಿಂದ ರಕ್ತ. ಆಂಬುಲೆನ್ಸ್‌ನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ಇಲ್ಲಿಗೆ. ದಾರಿಯಲ್ಲಿ ಮತ್ತೊಂದು ಸಲ ಫಿಟ್ಸ್.

ಬಸಿರಿನ ಬಿಪಿ ತಲೆಗೆ ಏರಿದೆಯಂತೆ. ಮಗುವನ್ನು ಈಗಲೇ ತೆಗೆಯದಿದ್ದರೆ ತಾಯಿ ಉಳಿಯುವುದಿಲ್ಲ ಅಂದರು ಡಾಕ್ಟರ್. ಸಹಿ ಹಾಕು ಅಂದಲ್ಲಿ ಹಾಕಿದೆ.

ಹೆಣ್ಣು ಮಗು. ಏಳು ತಿಂಗಳು. ಒಂದು ಕೆಜಿಗೆ ಸ್ವಲ್ಪ ಮೇಲೆ. ಮಹಡಿಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅರ್ಚನ ಕೆಳಗೆ ಐಸಿಯುನಲ್ಲಿ. ಎಚ್ಚರವಿಲ್ಲ. ಬಾಯಲ್ಲಿ ಪೈಪು. ಎದೆ ಏರುತ್ತದೆ, ಇಳಿಯುತ್ತದೆ. ಉಸಿರಾಡುವುದು ಅವಳಲ್ಲ, ಮೆಷಿನ್.

ನಾನು ಇವೆರಡರ ನಡುವೆ, ಮೆಟ್ಟಿಲ ಮೇಲೆ.

ಗಾಬರಿಯಲ್ಲಿ ಬಟ್ಟೆ ಬ್ಯಾಗ್ ಅಂದುಕೊಂಡು ಅವಳ ವೈರ್ ಬುಟ್ಟಿ ಎತ್ತಿಕೊಂಡು ಬಂದಿದ್ದೇನೆ. ಒಳಗೆ ನೋಡಿದರೆ ಸ್ವೆಟರ್, ಕಡ್ಡಿ, ಅರ್ಧ ತಿಂದ ಕಡಲೆಮಿಠಾಯಿ.

ಡಿಸೆಂಬರ್ 4, ಗುರುವಾರ. ಮಧ್ಯಾಹ್ನ

ಮಗುವಿನ ವಾರ್ಡಿನ ಚಂದನ ಸಿಸ್ಟರ್ ಕರೆದರು. ತಲೆಯಿಂದಲೇ ಮಗುವಿನ ಮೈ ಬಿಸಿ ಹೋಗಿಬಿಡುತ್ತದಂತೆ, ಟೋಪಿ ಬೇಕು. ಅವರ ಹತ್ತಿರ ಇರುವ ಟೋಪಿ ಮೂಗಿನವರೆಗೆ ಇಳಿಯುತ್ತಿದೆ.

"ಮೆತ್ತಗಿರೋ ಉಲ್ಲನ್‌ದು ತನ್ನಿ. ಬಿಸಿನೀರಲ್ಲಿ ತೊಳ್ದು ಕೊಡಿ. ಚುಚ್ಚಬಾರ್ದು. ಅದರ ಚರ್ಮ ಈರುಳ್ಳಿ ಸಿಪ್ಪೆ ಥರ ಇದೆ, ನೋಡಿದ್ರಲ್ಲ?"

ನೋಡಿದೆ. ತಲೆ ದೊಡ್ಡ ಮೂಸಂಬಿಯಷ್ಟು. ಸಿಸ್ಟರ್ ಬ್ಯಾಂಡೇಜ್ ಬಟ್ಟೆ ಸುತ್ತಿ ಅಳತೆ ಕೊಟ್ಟರು.

ಅಂಗಡಿಗಳನ್ನೆಲ್ಲ ಸುತ್ತಿದೆ. ಆ ಅಳತೆಯ ಟೋಪಿ ಎಲ್ಲೂ ಇಲ್ಲ. ಕೊನೆಗೆ ಉಲ್ಲನ್ನೇ ಕೊಂಡು ತಂದು ಅತ್ತೆಗೆ ಕೊಟ್ಟೆ. ಅತ್ತೆ ಮಾರಿಯಮ್ಮ ಊರಿಗಾಂನಿಂದ ದಿನಾ ಬಂದು ಮೆಟ್ಟಿಲ ಕೆಳಗೆ ಕೂರುತ್ತಾರೆ. ಅರ್ಚನಳಿಗೆ ಹೆಣಿಗೆ ಕಲಿಸಿದವರು ಅವರೇ. ಈಗ ಎರಡು ಕಣ್ಣಿಗೂ ಪೊರೆ. ಉಂಡೆಯನ್ನು ತುಟಿಗೆ ಉಜ್ಜಿ ನೋಡಿದರು.

"ವೇಂಡಾಂ ಮಾಪ್ಳೆ, ಬೇಡ ಅಳಿಯಂದ್ರೆ. ಇದು ಚುಚ್ಚುತ್ತೆ." ಆಮೇಲೆ ನನ್ನ ಕೈಯಲ್ಲಿದ್ದ ಬುಟ್ಟಿಯನ್ನು ತಡವಿದರು. "ಇದು ಅರ್ಚನಾದಾ? ಇದು ಬೆಣ್ಣೆ ಥರ ಇದೆ. ಇದನ್ನ ಬಿಚ್ಚಿ. ನೀವು ಹಾಕಿ, ನಾನು ಹೇಳ್ಕೊಡ್ತೀನಿ."

ಆಗಲ್ಲ ಅಂದೆ.

"ಯಾಕೆ?"

ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದೆ. ಕಾರಣ ಇಲ್ಲಿ ಬರೆಯುತ್ತೇನೆ — ಅವಳು ಏಳದೇ ಹೋದರೆ? ಅವಳ ಕೈ ಮಾಡಿದ ಕೊನೆಯ ವಸ್ತು ಇದು. ಮೂಗಿಗೆ ಹಿಡಿದರೆ ಅವಳ ಕೊಬ್ಬರಿ ಎಣ್ಣೆಯ ವಾಸನೆ. ಅದನ್ನು ನಾನೇ ಕೂತು ಎಳೆ ಎಳೆಯಾಗಿ ಬಿಚ್ಚಲಾ?

ಡಿಸೆಂಬರ್ 5, ಶುಕ್ರವಾರ

ಬೆಳಿಗ್ಗೆ ನಿದ್ದೆ ಔಷಧಿ ಕಡಿಮೆ ಮಾಡಿ ನೋಡಿದರು. ಅರ್ಚನಳಿಗೆ ಮತ್ತೆ ಫಿಟ್ಸ್. ಮತ್ತೆ ಮಲಗಿಸಿದರು. "ಇನ್ನೆರಡು ದಿನ ನೋಡೋಣ" ಅಂದರು ಡಾಕ್ಟರ್. ಎರಡು ದಿನ ಆದಮೇಲೆ?

ಹಸುಗಳನ್ನು ಕೋದಂಡಪ್ಪನಿಗೆ ಒಪ್ಪಿಸಿ ಅಮ್ಮ ಮುದ್ದೆ ಕಟ್ಟಿಕೊಂಡು ಬಂದಳು. ಗಾಜಿನಾಚೆಯಿಂದ ಮಗು ನೋಡಿದಳು. ಇಳಿದು ಬಂದವಳು ನನ್ನ ತೊಡೆಯ ಮೇಲಿನ ಸ್ವೆಟರ್ ನೋಡಿ ಕೂಗಾಡಿದಳು.

"ಇದೇ ಕಣ್ಲಾ! ಇದರಿಂದ್ಲೇ ಆಗಿದ್ದು! ನಾನು ಬಡ್ಕೊಂಡೆ, ಕೇಳಿದ್ರಾ? ಎತ್ಕೊಂಡೋಗಿ ಸುಟ್ಟಾಕ್ಲಾ ಅದನ್ನ!"

ಅತ್ತೆ ಗೋಡೆ ಹಿಡಿದು ಎದ್ದು ನಿಂತರು. "ಏಮ್ಮಾ, ನೂಲಿಂದ ಬಿಪಿ ಬರುತ್ತಾ? ನನ್ ಮಗಳು ಅಲ್ಲಿ ಸಾಯ್ತಾ ಇದಾಳೆ, ನೀವು ಉಲ್ಲನ್ ಮೇಲೆ ಕೋಪ ತೀರಿಸ್ಕೊಳ್ತೀರಾ?"

"ನಿಮ್ ಮಗಳಿಗೆ ಬುದ್ಧಿ ಏಳಿದ್ರೆ..."

"ಸಾಯ್ತಾ ಇದಾಳೆ ಅನ್ನಬೇಡಿ" ಅಂತ ನಾನು ಕಿರುಚಿದೆ. ಇಡೀ ವರಾಂಡ ತಿರುಗಿ ನೋಡಿತು. ವಾಚ್‌ಮನ್ ಬಂದು ಮೂವರನ್ನೂ ಹೊರಗೆ ಹಾಕಿದ.

ಒಬ್ಬಳು ಸುಡು ಅಂತಾಳೆ, ಒಬ್ಬಳು ಬಿಚ್ಚು ಅಂತಾಳೆ. ನಾನು ಕೊಡಲ್ಲ. ಯಾರಿಗೂ ಕೊಡಲ್ಲ.

ಡಿಸೆಂಬರ್ 6, ಶನಿವಾರ. ಸಂಜೆ

ಮಧ್ಯಾಹ್ನ ಗಾಜಿನ ಹತ್ತಿರ ನಿಂತಿದ್ದೆ. ಮಗುವಿನ ಎದೆ ಅಲುಗುತ್ತಿತ್ತು. ನೋಡುತ್ತಿದ್ದಂತೆ ನಿಂತುಹೋಯಿತು. ಮೊದಲು ತಿಳಿಯಲೇ ಇಲ್ಲ — ಯಾಕೋ ತುಂಬ ನಿಶ್ಶಬ್ದ ಅನ್ನಿಸಿತು, ಅಷ್ಟೇ. ಆಮೇಲೆ ಮೆಷಿನ್ ಕೂಗಿತು. ತುಟಿ ನೇರಳೆ. ಚಂದನ ಸಿಸ್ಟರ್ ಓಡಿಬಂದು ಅಂಗಾಲಿಗೆ ಬೆರಳಿಂದ ಟಕ್ ಟಕ್ ಅಂತ ಹೊಡೆದರು. ಏನೂ ಇಲ್ಲ. ಬೆನ್ನು ಉಜ್ಜಿದರು. ಏನೂ ಇಲ್ಲ. ನಾನು ಗಾಜಿಗೆ ಹಣೆ ಒತ್ತಿ, ಉಸಿರಾಡೇ, ಉಸಿರಾಡೇ ನನ್ನವ್ವ...

ಉಸಿರು ಬಂತು. ಬೆಕ್ಕಿನ ಮರಿಯ ಹಾಗೆ ಒಂದು ಸದ್ದು.

ಸಿಸ್ಟರ್ ಹೊರಗೆ ಬಂದು "ಇಂಥ ಮಕ್ಕಳು ಉಸಿರಾಡೋದನ್ನ ಮರೀತಾವೆ. ಮೈ ತಣ್ಣಗಾದ್ರೆ ಇನ್ನೂ ಜಾಸ್ತಿ" ಅಂದರು. ಬೈಯಲಿಲ್ಲ. ಟೋಪಿ ಎಲ್ಲಿ ಅಂತಲೂ ಕೇಳಲಿಲ್ಲ. ಅದಕ್ಕೇ ಇನ್ನೂ...

ಕೆಳಗೆ ಬಂದು ಸ್ವೆಟರ್ ತೆಗೆದೆ. ಕಡ್ಡಿ ಎಳೆದೆ. ಎರಡನೆಯ ತೋಳು ತಾನೇ ತಾನಾಗಿ ಬಿಚ್ಚಿಕೊಂಡಿತು. ಮೊದಲನೆಯ ತೋಳಿನಲ್ಲಿ ದಾರದ ತುದಿ ಸಿಗಲಿಲ್ಲ. ಹುಚ್ಚನ ಹಾಗೆ ಉಗುರಿನಿಂದ ಕೆದಕಿದೆ. ಅತ್ತೆ ಕೈ ಚಾಚಿ, ನೋಡದೆಯೇ ಹೊಲಿಗೆ ಹುಡುಕಿ, ಹಲ್ಲಿನಿಂದ ಕಚ್ಚಿ ಬಿಡಿಸಿಕೊಟ್ಟರು. "ಈಗ ಎಳೀರಿ."

ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ! ಅವಳು ಸಂಜೆಗಟ್ಟಲೆ ಕೂತು ಮಾಡಿದ್ದು, ಕೈ ಹಿಂದೆ ಎಳೆದಷ್ಟೂ ಸಾಲು ಸಾಲೇ ಇಲ್ಲವಾಗುತ್ತದೆ. ಎದೆಯ ಭಾಗದಲ್ಲಿ ಅವಳ ಉದ್ದನೆಯ ಕೂದಲೊಂದು ದಾರದ ಜೊತೆ ಹೆಣೆದುಕೊಂಡಿತ್ತು. ಅಲ್ಲಿಗೆ ನಿಲ್ಲಿಸಿದೆ. ಮುಂದೆ ಆಗಲಿಲ್ಲ. ಅಳು ಬಂತು. ಗಂಡಸು ಅಂತಲೂ ನೋಡದೆ ಎಲ್ಲರೆದುರು ಅತ್ತುಬಿಟ್ಟೆ.

ಅಮ್ಮ ನಾಲ್ಕು ಮೆಟ್ಟಿಲು ಮೇಲೆ ಕೂತಿದ್ದಳು. ಎದ್ದು ಬಂದಳು. ಕಿತ್ತುಕೊಂಡು ಸುಡುತ್ತಾಳೆ ಅಂದುಕೊಂಡೆ. ನನ್ನೆದುರು ಕೂತು ಎರಡೂ ಕೈ ಮುಂದೆ ಚಾಚಿದಳು.

"ನೆಲದ್ ಮೇಲೆ ಬಿಟ್ರೆ ಗಂಟಾಯ್ತದೆ. ನನ್ ಕೈಗೆ ಸುತ್ತು."

ಸುತ್ತಿದೆ. ಪೂರ್ತಿ ಬಿಚ್ಚಿದೆ.

ಡಿಸೆಂಬರ್ 7, ಭಾನುವಾರ

ಬಿಚ್ಚಿದ ದಾರ ಸುರುಳಿ ಸುರುಳಿ, ಕುರಿಯ ಬೆನ್ನಿನ ಹಾಗೆ. ಅತ್ತೆಯ ಮನೆಯಲ್ಲಿ ಬಿಸಿನೀರಿಗೆ ಹಾಕಿ, ಕೆಳಗೊಂದು ಚೊಂಬು ಕಟ್ಟಿ ಒಣಗಲು ನೇತು ಹಾಕಿದ್ದೇವೆ. ಭಾರಕ್ಕೆ ನೇರವಾಗುತ್ತದಂತೆ. ಕೊಬ್ಬರಿ ಎಣ್ಣೆಯ ವಾಸನೆ ಹೋಯಿತು. ಸೋಪಿನ ವಾಸನೆ ಮಾತ್ರ.

ಅರ್ಚನ ಹಾಗೇ ಇದ್ದಾಳೆ. ಅಂಗೈ ಹಿಡಿದು ಕೂತಿದ್ದೆ. ಸ್ವೆಟರ್ ವಿಷಯ ಹೇಳಲು ಬಾಯಿ ತೆರೆದೆ. ಎಚ್ಚರವಿಲ್ಲದವಳ ಎದುರೂ ಹೇಳಲಾಗಲಿಲ್ಲ.

ಡಿಸೆಂಬರ್ 8, ಸೋಮವಾರ

ಬೆಳಗಿನಿಂದ ಹೆಣೆಯುತ್ತಿದ್ದೇನೆ. ಅತ್ತೆ ಹೇಳಿಕೊಟ್ಟಿದ್ದು ಒಂದೇ ಬಗೆ — ಪ್ಲೇನ್. ಕಡ್ಡಿ ಚುಚ್ಚು, ದಾರ ಸುತ್ತು, ಎಳೆ, ಬಿಡು. ಉದ್ದಕ್ಕೆ ಒಂದು ಪಟ್ಟಿ ಹೆಣೆದು, ಮಡಚಿ, ಪಕ್ಕ ಹೊಲಿದು, ಮೇಲೆ ಬಿಗಿದು ಕಟ್ಟಿದರೆ ಟೋಪಿ.

ಹಸುವಿನ ಕೆಚ್ಚಲು ಹಿಡಿದ ಕೈ. ದಾರವನ್ನು ಹಾಲು ಕರೆಯುವ ಹಾಗೆ ಬಿಗಿ ಹಿಡಿಯುತ್ತೇನೆ. ಕುಣಿಕೆಯೊಳಗೆ ಕಡ್ಡಿ ಹೋಗುವುದಿಲ್ಲ. ಸಡಿಲ ಬಿಟ್ಟರೆ ಕುಣಿಕೆ ಜಾರಿ ಬೀಳುತ್ತದೆ. ಎಷ್ಟು ಸಲ ಬಿಚ್ಚಿದೆನೋ! ಸರಿಯಾಯಿತು ಅಂದುಕೊಂಡು ಅತ್ತೆಗೆ ಕೊಟ್ಟರೆ ಬೆರಳು ಒಂದು ಕಡೆ ನಿಲ್ಲುತ್ತದೆ.

"ಇಲ್ಲಿ ಒಂದು ಬಿಟ್ಟೋಯ್ತು ಮಾಪ್ಳೆ."

"ಇರಲಿ ಅತ್ತೆ, ಒಂದು ತಾನೇ."

"ಒಂದು ಬಿಟ್ರೆ ಕೆಳಗಿನವರೆಗೂ ಓಡುತ್ತೆ. ಬಿಚ್ಚಿ."

ಮನಸ್ಸಿನಲ್ಲೇ ಮಾರಮ್ಮ ದೇವರ ಜೊತೆ ಚೌಕಾಸಿ. ಈ ಸಾಲು ತಪ್ಪಿಲ್ಲದೆ ಮುಗಿದರೆ ಅರ್ಚನ ಕಣ್ಣು ಬಿಡಬೇಕು. ಸಾಲು ಮುಗಿಯಿತು. ಓಡಿಹೋಗಿ ನೋಡಿದೆ. ಮೆಷಿನ್‌ಗೆ ಅವಳ ಎದೆ ಏರುತ್ತಿದೆ, ಇಳಿಯುತ್ತಿದೆ. ಹಿಂದೆ ಬಂದು ಆ ಸಾಲನ್ನು ಬಿಚ್ಚಿಹಾಕಿದೆ. ಸಿಟ್ಟಿಗೆ. ಅತ್ತೆಗೆ ಹೇಳಲಿಲ್ಲ.

ಡಿಸೆಂಬರ್ 9, ಮಂಗಳವಾರ

ಟೋಪಿ ಮುಗಿಯಿತು. ಸೊಟ್ಟ. ಒಂದು ಕಿವಿ ಮುಚ್ಚುತ್ತದೆ, ಇನ್ನೊಂದು ಅರ್ಧ. ಮತ್ತೆ ಬಿಸಿನೀರಲ್ಲಿ ಜಾಲಿಸಿ ಕೊಟ್ಟೆ. ಸಿಸ್ಟರ್ ಹಾಕಿದರು. ಇಳಿಯಲಿಲ್ಲ, ಬಿಗಿಯಲಿಲ್ಲ.

"ಅಂಗಿ ಬಿಚ್ಚಿ" ಅಂದರು.

"ಯಾರದ್ದು?"

"ನಿಮ್ಮದೇ. ತಾಯಿ ಎದೆ ಮೇಲೆ ಮಲಗಿಸ್ಬೇಕು. ತಾಯಿ ಇಲ್ದಿದ್ರೆ ಅಪ್ಪ. ಕೈ ತೊಳ್ಕೊಂಡು ಬನ್ನಿ."

ವೈರು, ಪೈಪು ಸಮೇತ ತಂದು ಎದೆಯ ಮೇಲಿಟ್ಟರು. ಭಾರವೇ ಇಲ್ಲ. ಉಸಿರಾಡಿದರೆ ಎಲ್ಲಿ ಜಾರಿ ಬೀಳುತ್ತದೋ ಅಂತ ನಾನೇ ಉಸಿರು ಬಿಗಿಹಿಡಿದೆ. ಉಸಿರಾಡಿ, ಅಪ್ಪನ ಉಸಿರು ಕೇಳಿದ್ರೆ ಅದಕ್ಕೂ ನೆನಪಾಗುತ್ತೆ ಅಂದರು. ಗಲ್ಲದ ಕೆಳಗೆ ಟೋಪಿ. ಮೆತ್ತಗೆ.

ನಿಮ್ಮಮ್ಮ ಬರ್ತಾಳೆ ಅಂತ ಹೇಳಿದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೆ ಗೊತ್ತಿಲ್ಲ.

ಡಿಸೆಂಬರ್ 10, ಬುಧವಾರ

ಎಚ್ಚರವಾಯಿತು! ಬೆಳಿಗ್ಗೆ ಪೈಪು ತೆಗೆದರು. ಓಡಿದೆ. ಕಣ್ಣು ತೆರೆದಿದ್ದಾಳೆ. ಗಂಟಲು ಒಡೆದುಹೋಗಿದೆ, ಪಿಸುಪಿಸು.

"ನಾಗೇಶಾ... ಲೈಟ್ ಹಾಕು."

ಕಿಟಕಿಯಿಂದ ಬಿಸಿಲು ನೇರ ಅವಳ ಮುಖದ ಮೇಲೆ ಬೀಳುತ್ತಿತ್ತು.

ಡಾಕ್ಟರ್ ಟಾರ್ಚ್ ಬಿಟ್ಟು ನೋಡಿದರು. ಕಣ್ಣು ಚೆನ್ನಾಗಿದೆ, ಮಿದುಳಿನ ನೋಡುವ ಭಾಗ ಊದಿದೆ. ಬಹಳ ಜನರಿಗೆ ವಾಪಸ್ ಬರುತ್ತದೆ ಅಂದರು. ಬಹಳ ಜನರಿಗೆ. ಎಲ್ಲರಿಗೂ ಅನ್ನಲಿಲ್ಲ.

ಅವಳು ಹೊಟ್ಟೆ ತಡವಿಕೊಂಡಳು. "ಮಗು ಹೋಯ್ತಾ?"

"ಇಲ್ಲ ಕಣೇ, ಮೇಲೆ ಇದಾಳೆ. ಹೆಣ್ಣು."

"ಸುಳ್ಳು."

"ನಿನ್ನಾಣೆ."

"ಏಳು ತಿಂಗಳಿಗೆ... ನಂಗೆ ಕಣ್ಣು ಕಾಣ್ಸಲ್ಲ ಅಂತ ಏನ್ ಬೇಕಾದ್ರೂ ಹೇಳ್ತಿದೀಯ." ಅತ್ತೆ ಹೇಳಿದರು, ಅಮ್ಮ ಹೇಳಿದಳು. ಯಾರನ್ನೂ ನಂಬಲಿಲ್ಲ. ಮೊಬೈಲಿನಲ್ಲಿ ಫೋಟೋ ಇದೆ, ಇದ್ದು ಏನು ಪ್ರಯೋಜನ? ಹಾಸಿಗೆಯಿಂದ ಎದ್ದು ಬೀಳುವವಳಿದ್ದಳು, ಹಿಡಿದುಕೊಂಡೆ. ಮೇಲೆ ಕರೆದುಕೊಂಡು ಹೋಗಲು ಬಿಪಿ ಇಳಿದಿಲ್ಲ, ಬಿಡುವುದಿಲ್ಲ. ಅವಳು ಅತ್ತಷ್ಟೂ ಬಿಪಿ ಏರುತ್ತಿದೆ. ಇನ್ನೊಂದು ಫಿಟ್ಸ್ ಬಂದರೆ ಕಷ್ಟ ಅಂತ ಡಾಕ್ಟರ್ ನನ್ನನ್ನು ಹೊರಗೆ ಎಳೆದು ಹೇಳಿದರು. ಸಮಾಧಾನ ಮಾಡಿ ಅಂದರು. ಹೇಗೆ?

ಸಿಸ್ಟರ್ ಮಗುವಿನ ಟೋಪಿ ತೊಳೆಯಲು ತೆಗೆದಿದ್ದರು. ಒದ್ದೆಯಾಗಿತ್ತು, ಹಾಲು ಕಕ್ಕಿತ್ತು. ಬೇಡಿಕೊಂಡು ತಂದು ಅವಳ ಅಂಗೈಯಲ್ಲಿಟ್ಟೆ.

ಸುಮ್ಮನಾದಳು. ಮೂಗಿಗೆ ಹಿಡಿದಳು. ಹಿಡಿದೇ ಇದ್ದಳು. "ಇಷ್ಟೇ ತಲೆನಾ?" ಅಂದಳು. "ಇಷ್ಟೇ" ಅಂದೆ. ಆಗ ಅತ್ತಳು, ಬೇರೆ ಥರ.

ಆಮೇಲೆ ಹೆಬ್ಬೆರಳಿನಿಂದ ದಾರ ತಿಕ್ಕಿದಳು. ಮುಖ ಬದಲಾಯಿತು.

"ಇದು ನನ್ನ ಉಲ್ಲನ್."

ಅವಳ ಕೈಯಿಂದ ಟೋಪಿ ತೆಗೆಯಲು ಹೋದೆ, ಬಿಡಲಿಲ್ಲ.

"ಸ್ವೆಟರ್ ಬಿಚ್ಚಿದ್ಯಾ?"

"ಹ್ಞೂಂ."

"ಪೂರ್ತಿ?"

"ಹ್ಞೂಂ."

ಗೋಡೆಯ ಕಡೆ ತಿರುಗಿಕೊಂಡಳು. "ನಾನು ಸತ್ತೋಗ್ತೀನಿ ಅಂದ್ಕೊಂಡ್ಯಾ?" ಅಂತ ಕೇಳಿದಳು. ಹಾಗೆ ಅಂದುಕೊಂಡದ್ದರಿಂದಲೇ ಬಿಚ್ಚದೆ ಇಟ್ಟುಕೊಂಡಿದ್ದೆ ಅಂತ ಹೇಗೆ ಹೇಳಲಿ.

ಡಿಸೆಂಬರ್ 13, ಶನಿವಾರ

ಎರಡು ದಿನ ಅವಳು ಯಾರೊಡನೆಯೂ ಮಾತಾಡಲಿಲ್ಲ. ಗಂಜಿ ಕುಡಿಸಿದರೆ ಕುಡಿದಳು. ಕಣ್ಣು ತೆರೆದುಕೊಂಡು ಛಾವಣಿ ನೋಡುತ್ತಾಳೆ — ನೋಡುವುದಲ್ಲ. ನಾನು ಎದುರು ನಿಂತರೂ ಆ ಕಣ್ಣು ನನ್ನನ್ನು ದಾಟಿ ಹೋಗುತ್ತದೆ. ಅದಕ್ಕಿಂತ ಮುಚ್ಚಿದ್ದಾಗಲೇ... ಛೆ. ಬರೆಯಬಾರದು.

ಇವತ್ತು ಅವಳ ಎದೆಹಾಲು ಹಿಂಡಿ ಮೇಲೆ ಕಳಿಸಿದರು. ಸ್ವಲ್ಪವೇ, ಔಷಧಿಯ ಮುಚ್ಚಳದಷ್ಟು. ಮಗು ಕುಡಿಯಿತು ಅಂತ ಸಿಸ್ಟರ್ ಬಂದು ಹೇಳಿದರು. ಅದಾದಮೇಲೆ ಅರ್ಚನ "ಆ ಟೋಪಿ ಕೊಡು" ಅಂದಳು. ತೊಳೆದು ಒಣಗಿದ್ದು ನನ್ನ ಜೇಬಿನಲ್ಲಿತ್ತು. ಮಗುವಿಗೆ ಬದಲಿಗೆ ಇನ್ನೊಂದು ಹೆಣೆದು ಕೊಟ್ಟಿದ್ದೇನೆ. ಬೆರಳಾಡಿಸಿದಳು.

"ಯಾರು ಹಾಕಿದ್ದು ಇದು?"

"ನಾನು."

"ಇದೇನು ಟೋಪಿನಾ, ಮೀನಿನ ಬಲೆನಾ? ನನ್ ಬೆರಳೇ ತೂರ್ತಿದೆ. ಚಳಿ ಎಲ್ಲಾ ಒಳಗೋಗುತ್ತೆ."

"ನಿಮ್ಮಮ್ಮ ಸರಿಯಾಗಿದೆ ಅಂದ್ರು."

"ನಿನ್ನ ಮುಖ ನೋಡಿ ಅಂದಿರ್ತಾರೆ."

ಮೂಲೆಯಲ್ಲಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಗುವೋ ಅಳುವೋ. ಅರ್ಚನ ಟೋಪಿಯ ತುದಿ ಹುಡುಕಿ, ಗಂಟು ಬಿಡಿಸಿ, ಎಳೆಯತೊಡಗಿದಳು. ನನ್ನ ಒಂದಿಡೀ ದಿನದ ಕೆಲಸ. ಕಣ್ಣೆದುರೇ ಮಾಯವಾಯಿತು. ತಡೆಯಲಿಲ್ಲ. ಕಡ್ಡಿ ಕೊಡು ಅಂದಳು. ಕೊಟ್ಟೆ. ಕೈಗೆ ಡ್ರಿಪ್‌ನ ಸೂಜಿ ಚುಚ್ಚಿದೆ. ಮೊದಲ ಸಾಲೇ ತಪ್ಪಿತು. ಬಿಚ್ಚಿದಳು. ಮತ್ತೆ ಹಾಕಿದಳು. ಮತ್ತೆ ತಪ್ಪಿತು.

"ನಂಗೂ ಬರ್ತಿಲ್ಲ ನಾಗೇಶಾ" ಅಂದಳು. ಆ ದನಿ ಕೇಳಲಾಗಲಿಲ್ಲ. ಅಮ್ಮ ಹಾಸಿಗೆಯ ಪಕ್ಕ ಬಂದು ಉಂಡೆ ಹಿಡಿದು ಕೂತಳು. "ಮೆತ್ತಗೆ ಮಾಡಮ್ಮ. ಯಾರ್ ಅಟ್ಟುಸ್ಕೊಂಡ್ ಬತ್ತಾವ್ರೆ" ಅಂದಳು.

ಡಿಸೆಂಬರ್ 14, ಭಾನುವಾರ. ಮಧ್ಯಾಹ್ನ

ನನ್ನ ಪೆನ್ನು ಖಾಲಿ. ಚಂದನ ಸಿಸ್ಟರ್ ಚಾರ್ಟ್ ಬರೆಯುವ ಕೆಂಪು ಪೆನ್ನು ಕೊಟ್ಟಿದ್ದಾರೆ, ಅದರಲ್ಲೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಡಾಕ್ಟರ್ ಮತ್ತೆ ಟಾರ್ಚ್ ಬಿಟ್ಟು ನೋಡಿದರು. ಇಷ್ಟರಲ್ಲಿ ನೆರಳಾದರೂ ಕಾಣಬೇಕಿತ್ತಂತೆ. ನಾಳೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಅಂದರು. ಮಗು ಇಲ್ಲಿ, ಇವಳು ಅಲ್ಲಿ. ನಾನು ಎಲ್ಲಿರಲಿ? ಅಮ್ಮ, ಅತ್ತೆ ಇಬ್ಬರೂ ಮೇಲೆ ಗಾಜಿನ ಹತ್ತಿರ ನಿಂತಿದ್ದಾರೆ. ಇವಳಿಗೆ ಬೆಂಗಳೂರಿನ ವಿಷಯ ಹೇಳಬೇಕು. ಹೇಗೆ ಹೇಳುವುದು ಅಂತ ತಿಳಿಯದೆ ಬರೆಯುತ್ತಾ ಕೂತಿದ್ದೇನೆ.

ಹೆಣೆಯುತ್ತಿದ್ದಾಳೆ. ಐದಾರು ಸಾಲು ಆಗಿದೆ. ನಡುವೆ ಎಲ್ಲೋ ಒಂದು ಕುಣಿಕೆ ಜಾರಿದ್ದು ನನಗೆ ಕಾಣುತ್ತಿದೆ, ಅವಳಿಗೆ ಇನ್ನೂ ಬೆರಳಿಗೆ ಸಿಕ್ಕಿಲ್ಲ. ಹೇಳಲೋ ಬೇಡವೋ. ಮತ್ತೆ ಬಿಚ್ಚು ಅನ್ನಲು ನನ್ನಿಂದಾಗದು. ಕಡ್ಡಿ ನಿಲ್ಲಿಸಿದಳು. ತಲೆ ಈ ಕಡೆ ತಿರುಗಿಸಿದ್ದಾಳೆ.

"ಏನೋ ಬರೀತಿದೀಯ" ಅಂದಳು. ಪೆನ್ನಿನ ಸದ್ದು ಕೇಳಿಸಿರಬೇಕು. ಸುಮ್ಮನೆ ಅಂದೆ.

ಹುಬ್ಬು ಗಂಟು ಹಾಕಿಕೊಂಡಿದ್ದಾಳೆ, ಬಿಸಿಲಿಗೆ ನಿಂತವರ ಹಾಗೆ. ಈಗ —

"ಮನೇಲಿ ಕೂಸು ಹುಟ್ಟಿರೋವಾಗ ಯಾರಾದ್ರೂ ಕೆಂಪು ಇಂಕಲ್ಲಿ ಬರೀತಾರಾ, ನಾಗೇಶಾ?"

ಕೆಂಪು ಅಂತ ನಾನು ಹೇಳಿರಲೇ ಇಲ್ಲ.